ಪ್ಲೇಟಿಗೆ ಹಾಕಿದ ಪಟ್ಟಿ

ನಮ್ಮ ಅಡುಗೆ ಕೋಣೆಯಲ್ಲಿ ನೀರಿನ ಹರವಿಗೆ ಮುಚ್ಚಳವಾಗಿ ಕೂತಿರುವುದು ಒಂದು ಗ್ರಾಮಫೋನ್ ಪ್ಲೇಟು. ನಡುವಿನ ತೂತಿನಿಂದ ಇರುವೆ ಇಳಿಯಬಾರದೆಂದು ಇಂಜೆಕ್ಷನ್ ಬಾಟಲಿಯ ರಬ್ಬರ್ ಬಿರಡೆ ತುರುಕಿದ್ದೇನೆ. ಎತ್ತಲು ಹಿಡಿಕೆಯೂ ಅದೇ. ಮೊನ್ನೆ ಫ್ರಿಜ್ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ನೀರು ಕುಡಿಯಲು ಹೋದವನು ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದ. ಇಂಥವಕ್ಕೆ ಈಗ ಒಳ್ಳೆಯ ಬೆಲೆ ಇದೆ, ಮಾರುತ್ತೀರಾ ಎಂದು ಕೇಳಿದ. ಮಾರುವುದಿಲ್ಲ ಎಂದೆ. ಅದರಲ್ಲಿ ಯಾರ ಹಾಡಿದೆ ಎಂದು ಕೇಳಿದಾಗ ಮಾತ್ರ ಉತ್ತರ ಕೊಡಲು ನಾಚಿಕೆಯಾಯಿತು. ನಿಮಗೆ ಹೇಳುತ್ತೇನೆ, ಆದರೆ ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಲಿಂಗಸುಗೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನಮ್ಮ ಮನೆಯವರು, ದೇವಪ್ಪ, ಅದೇ ಊರಿನಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮದು ಬೌದ್ಧರ ಮನೆ, ಮದುವೆ ಸರಳವಾಗಿ ನಡೆಯಿತು. ಬುದ್ಧನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿದೆವು, ಹಾರ ಬದಲಿಸಿಕೊಂಡೆವು, ಬಂದವರಿಗೆ ಊಟ ಹಾಕಿದೆವು. ಸರಳವಲ್ಲದ್ದು ಸದ್ದು ಒಂದೇ. ಮೈಕಿನವನ ಮದುವೆಯೆಂದು ಸುತ್ತಲಿನ ಊರುಗಳ ಮೈಕಿನವರೆಲ್ಲ ತಮ್ಮ ತಮ್ಮ ಹಾರ್ನು ಹೊತ್ತು ತಂದು ಪ್ರೀತಿಯಿಂದ ಕಟ್ಟಿದ್ದರು. ಆ ದಿನ ಯಾರು ಏನು ಹರಸಿದರೋ ನನಗೆ ಒಂದಕ್ಷರ ಕೇಳಿಸಲಿಲ್ಲ.

ಗಂಡನ ಮನೆಗೆ ಬಂದು ಟ್ರಂಕನ್ನು ಮಂಚದ ಕೆಳಗೆ ತಳ್ಳಲು ನೋಡಿದರೆ ಅಲ್ಲಿ ಜಾಗವಿರಲಿಲ್ಲ. ಗೋಣಿಚೀಲ ಹೊದಿಸಿದ ಪ್ಲೇಟುಗಳು. ಅಟ್ಟದ ಮೇಲೆ ಪ್ಲೇಟುಗಳು, ಅಕ್ಕಿ ಡಬ್ಬಿಯ ಹಿಂದೆ ಪ್ಲೇಟುಗಳು. ನನಗೆ ಎಲ್ಲವೂ ರೊಟ್ಟಿ ಹಂಚಿನಂತೆ ಕರ್ರಗೆ ಒಂದೇ ಥರ ಕಂಡವು. ಇಷ್ಟೊಂದು ಯಾಕೆ ಎಂದು ಕೇಳಿದ್ದಕ್ಕೆ ದೇವಪ್ಪ, ಆಸ್ಪತ್ರೆಯಲ್ಲಿ ಅಷ್ಟೊಂದು ಗುಳಿಗೆ ಯಾಕೆ ಇಟ್ಟಿದ್ದೀರಿ ಎಂದು ಕೇಳಿದರು. ಟ್ರಂಕು ಬಹಳ ದಿನ ನಡುಮನೆಯಲ್ಲೇ ಇತ್ತು. ಬಂದವರು ಅದರ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

ನಿಜ ಹೇಳಬೇಕೆಂದರೆ ಮೈಕಿನ ಹಾಡು ನನಗೆ ಹೊಸದಲ್ಲ. ನಾನು ಹುಟ್ಟಿ ಬೆಳೆದದ್ದು ದಢೇಸುಗೂರಿನಲ್ಲಿ. ಅಪ್ಪ ಬೇರೆಯವರ ಭತ್ತದ ಗದ್ದೆಗೆ ಕಾಲುವೆಯಿಂದ ನೀರು ಬಿಡುವ ಕೆಲಸ ಮಾಡುತ್ತಿದ್ದ. ಸಂಜೆಯಾದರೆ ಯಾವುದೋ ಕ್ಯಾಂಪಿನ ಕಡೆಯಿಂದ ಹಾಡು ತೇಲಿ ಬರುತ್ತಿತ್ತು. ಕ್ಯಾಂಪುಗಳೆಂದರೆ, ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಗದ್ದೆ ಮಾಡಿದವರು ಕಟ್ಟಿಕೊಂಡ ಊರುಗಳು. ಅಲ್ಲಿ ಮದುವೆಯಿದ್ದರೆ ನಮ್ಮ ಮನೆಗೆ ಹಾಡು, ಅಷ್ಟೇ. ಗಾಳಿ ತಿರುಗಿದರೆ ಹಾಡು ಅರ್ಧಕ್ಕೇ ಕಡಿದು ಹೋಗುತ್ತಿತ್ತು. ಅಪ್ಪ ಅದನ್ನು ಕೇಳಿಯೇ ನಾಳೆ ಮಳೆ ಬರುತ್ತದೋ ಇಲ್ಲವೋ ಹೇಳುತ್ತಿದ್ದ. ಅವ್ವ ಮಾತ್ರ, ನೀರು ನಿಂತ ಗದ್ದೆಯ ಮೇಲೆ ಹಾದು ಬಂದ ಹಾಡು ತಂಪಾಗಿರುತ್ತದೆ, ಎರೆಹೊಲದ ಮೇಲೆ ಬಂದದ್ದು ಒಣಗಿರುತ್ತದೆ ಎನ್ನುತ್ತಿದ್ದಳು. ನರ್ಸಿಂಗ್ ಓದಿದ ಮೇಲೆ ಇದಕ್ಕೆಲ್ಲ ನಕ್ಕಿದ್ದೇನೆ. ಈಗ ನಗುವುದಿಲ್ಲ.

ಪ್ಲೇಟಿನ ಹುಚ್ಚು ನನಗೆ ಹತ್ತಿದ್ದು ಸರ್ಕಾರಿ ಡ್ಯೂಟಿಯ ದೆಸೆಯಿಂದ. ಮುದಗಲ್ಲಿನ ಮೊಹರಂ ಎಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಜನ ಅದನ್ನು ಅಲಾಯಿ ಹಬ್ಬ ಎನ್ನುತ್ತಾರೆ. ಎಲ್ಲ ಜಾತಿಯವರೂ ಸೇರುತ್ತಾರೆ. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಊರೂರಿನ ಹೆಜ್ಜೆ ಮೇಳಗಳು ಬೆಳತನಕ ಕುಣಿಯುತ್ತವೆ. ಹಲಗೆ ಬಾರಿಸುವವರು, ನಡುವೆ ನಿಂತು ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಹಾಡುವವರು. ಬಾಸಿಂಗ ಕಟ್ಟಿಕೊಂಡೇ ರಣಕ್ಕೆ ಹೋದ ಮದುಮಗನ ಕಥೆ, ನೀರಿಲ್ಲದೆ ಬಾಯಾರಿದ ಮಕ್ಕಳ ಕಥೆ. ಕೆಂಡದ ಹತ್ತಿರ ಬರಿಗಾಲಲ್ಲಿ ಕುಣಿದರೆ ಅಂಗಾಲು ಸುಡದೆ ಇರುತ್ತದೆಯೇ? ಅದಕ್ಕೆ ಆಸ್ಪತ್ರೆಯಿಂದ ಒಂದು ಮೇಜು, ಒಂದು ಟ್ಯೂಬ್‌ಲೈಟು, ಹತ್ತಿ, ಮುಲಾಮು, ಪಟ್ಟಿ ಕೊಟ್ಟು ನಮ್ಮನ್ನು ಕೋಟೆ ಬಾಗಿಲಿನ ಹತ್ತಿರ ಕೂರಿಸುತ್ತಿದ್ದರು. ಗಂಡನ ಮೈಕೂ ಅಲ್ಲೇ ಇರುತ್ತಿದ್ದುದರಿಂದ ಆ ಡ್ಯೂಟಿಯನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಹಾಡುವವರ ಗಂಟಲಿಗೂ ವಿಶ್ರಾಂತಿ ಬೇಕು. ಅವರು ಚಹಾ ಕುಡಿಯುವಾಗ ಮೈಕಿನವರು ಪದದ ಪ್ಲೇಟು ಹಚ್ಚುತ್ತಿದ್ದರು, ಕುಣಿಯುವವರು ನಿಲ್ಲದೆ ಕುಣಿಯುತ್ತಿದ್ದರು. ರಿವಾಯತ್ ಪದದ ಪ್ಲೇಟುಗಳು ಮೊದಲೇ ಕಡಿಮೆ. ಯಾವ ಕಾಲದಲ್ಲೋ ಯಾರೋ ಹುಬ್ಬಳ್ಳಿಗೆ ಹೋಗಿ ಹಾಡಿ ಬಂದಿದ್ದವು, ಕಂಪನಿ ಮುಚ್ಚಿ ಹೋಗಿತ್ತು. ಹಾಗಾಗಿ ಒಳ್ಳೆಯ ಪ್ಲೇಟು ಇದ್ದವನಿಗೆ ಹಬ್ಬದಲ್ಲಿ ಮರ್ಯಾದೆ. ಆ ರಾತ್ರಿಗಳಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಮೈಕಿನವರೆಲ್ಲ ಒಂದೇ ಕಡೆ ಸಿಗುತ್ತಿದ್ದರಲ್ಲ, ಪ್ಲೇಟುಗಳ ಕೊಡು ಕೊಳ್ಳುವ ವ್ಯವಹಾರವೂ ಆಗಲೇ ನಡೆಯುತ್ತಿತ್ತು. ಎಲ್ಲಿ ಎಂದರೆ ನನ್ನ ಮೇಜಿನ ಮೇಲೆ. ಯಾಕೆಂದರೆ ಪ್ಲೇಟಿನ ಗೆರೆ ಸವೆದಿದೆಯೋ ಇಲ್ಲವೋ ನೋಡಲು ಟ್ಯೂಬ್‌ಲೈಟು ಬೇಕು, ಧೂಳು ಒರೆಸಲು ಹತ್ತಿ ಬೇಕು. ನಾವು ಎಕ್ಸ್‌ರೇ ಹಿಡಿದು ನೋಡಿದಂತೆ ಅವರು ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದರು. ದುಡ್ಡಿಗಿಂತ ಬದಲಿ ವ್ಯಾಪಾರವೇ ಹೆಚ್ಚು. ಒಂದು ಪ್ಲೇಟಿಗೆ ಎರಡು ಪ್ಲೇಟು, ಇಲ್ಲವೇ ಒಂದು ಚೀಲ ಅಕ್ಕಿ. ಒಮ್ಮೆ ಒಬ್ಬ ಹೇಂಟೆ ಕೋಳಿಯನ್ನೂ ತಂದಿದ್ದ. ವ್ಯಾಪಾರ ಕುದುರುವವರೆಗೆ ಅದು ಔಷಧದ ಪೆಟ್ಟಿಗೆಯ ಪಕ್ಕದಲ್ಲೇ ಕೂತಿತ್ತು.

ಈ ವ್ಯವಹಾರದಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಒಳ್ಳೆಯ ಪ್ಲೇಟಿನ ನಡುವಿನ ಚೀಟಿಯ ಮೇಲೆ ಬೇರೆ ಕಾಗದ ಅಂಟಿಸಿಬಿಡುತ್ತಿದ್ದರು. ಹಾಡಿದವರ ಹೆಸರು ಬೇರೆ ಮೈಕಿನವರಿಗೆ ತಿಳಿಯಬಾರದು, ತಿಳಿದರೆ ಅವರೂ ಅದನ್ನೇ ಹುಡುಕುತ್ತಾರೆ. ಕೆಲವರು ಲಗ್ನಪತ್ರಿಕೆ ಕತ್ತರಿಸಿ ಅಂಟಿಸುತ್ತಿದ್ದರು, ಕೆಲವರು ಕಡ್ಡಿಪೆಟ್ಟಿಗೆಯ ಚಿತ್ರ. ಹಾಗಾಗಿ ಪ್ಲೇಟುಗಳಿಗೆ ಅಡ್ಡ ಹೆಸರುಗಳು. ಇದು ಕುಂಟೆತ್ತು, ಇದು ಜೀರಿಗಿ, ಇದು ತಂಬಿಗಿ.

ನನ್ನ ಹರವಿಯ ಮುಚ್ಚಳ ಇಲ್ಲಿ ಬರುತ್ತದೆ. ನೋಡಿ ನೋಡಿ ನನಗೂ ವಿದ್ಯೆ ಬಂದಿದೆ ಎಂಬ ಭ್ರಮೆ ಹುಟ್ಟಿತು. ಒಂದು ವರ್ಷ ದೇವಪ್ಪ ಆಚೆ ವೈರು ಕಟ್ಟಲು ಹೋಗಿದ್ದಾಗ, ಕಾಗದ ಅಂಟಿಸಿದ ಒಂದು ಪ್ಲೇಟನ್ನು ನಾನೇ ಚೌಕಾಸಿ ಮಾಡಿ ಕೊಂಡೆ. ದಪ್ಪ ಕಾಗದ, ಒಂದರ ಮೇಲೊಂದು ಮೂರು ಪದರ. ಇಷ್ಟು ಮುಚ್ಚಿಟ್ಟಿದ್ದಾರೆಂದರೆ ಒಳಗೆ ಭಾರಿ ಹಾಡೇ ಇರಬೇಕು. ಮನೆಗೆ ತಂದು ಹಚ್ಚಿದರೆ ಒಬ್ಬ ಗಂಡಸು ಗಂಭೀರವಾಗಿ ಇಂಗ್ಲಿಷ್ ಪಾಠ ಹೇಳುತ್ತಿದ್ದ. ಇದು ಕೊಡೆ, ಅದು ಕುರ್ಚಿ, ಕೊಡೆ ಕುರ್ಚಿಯ ಮೇಲಿದೆ. ದೇವಪ್ಪ ನಗಲಿಲ್ಲ. ಬಹಳ ಹೊತ್ತು ಕೇಳಿ, "ಮ್ಯಾಲಿನ ಕಾಗದ ನೋಡಿ ತಗೋಬಾರ್ದು ಕಮಲಾ. ಕಾಗದ ಸುಳ್ಳು ಹೇಳ್ತೈತಿ, ಗೆರಿ ಹೇಳಂಗಿಲ್ಲ" ಎಂದರು. ಆಮೇಲೆ ಎಲ್ಲೇ ಮೈಕ್ ಟೆಸ್ಟ್ ಮಾಡುವುದಿದ್ದರೂ ಅದೇ ಪ್ಲೇಟು ಹಚ್ಚುತ್ತಿದ್ದರು. ಎಷ್ಟೋ ಹಳ್ಳಿಗಳಲ್ಲಿ ಮದುವೆಗೆ ಮೊದಲು ಕೊಡೆ ಕುರ್ಚಿಯ ಮೇಲಿದೆ ಎಂದು ಆಕಾಶವಾಣಿಯಾದದ್ದು ಹೀಗೆ. ಜನ ಅದಕ್ಕೂ ತಲೆದೂಗಿದ್ದಾರೆ.

ನಮ್ಮ ಜೊತೆ ಡ್ಯೂಟಿಗೆ ಬಂದಿದ್ದ ಕಂಪೌಂಡರ್ ಇನ್ನೂ ಒಂದು ಕೈ ಮೇಲು. ಯಾರದೋ ಪ್ಲೇಟು ಜಿಡ್ಡಾಗಿದೆಯೆಂದು ಉಪಕಾರ ಮಾಡಲು ಹೋಗಿ ಸ್ಪಿರಿಟ್ಟಿನಿಂದ ಒರೆಸಿಬಿಟ್ಟ. ಆ ಕಾಲದ ಪ್ಲೇಟುಗಳು ಅರಗಿನವು, ಸ್ಪಿರಿಟ್ಟಿಗೆ ಕರಗುತ್ತವೆ. ಕಪ್ಪಗೆ ಮಿಂಚುತ್ತಿದ್ದದ್ದು ಬೂದಿ ಬಳಿದಂತಾಯಿತು. ಪ್ಲೇಟಿನವನು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ. ಕಂಪೌಂಡರ್ ಮರುವರ್ಷ ಆ ಡ್ಯೂಟಿಗೆ ರಜೆ ಹಾಕಿದ.

ಇನ್ನು ಮಹಿಬೂಬಸಾಬರ ವಿಷಯ. ಅವರು ಮಸ್ಕಿಯವರು, ಹಾಸಿಗೆ ಗಾದಿ ಹೊಲಿಯುವ ಕೆಲಸ. ಮಸ್ಕಿ ಮೇಳದ ಹಾಡುಗಾರ ಅವರೇ, ಹೆಜ್ಜೆ ಕಲಿಸುವವರೂ ಅವರೇ. ಅವರ ಮೇಳದಲ್ಲಿ ಕುರುಬರಿದ್ದರು, ಬೇಡರಿದ್ದರು, ನಮ್ಮವರಿದ್ದರು, ಇಬ್ಬರು ಬಡಿಗರೂ ಇದ್ದರು. ನನಗೆ ಅವರು ಕಾಕಾ. ಅವರ ದನಿ ಇಂಪಾಗಿತ್ತು ಎಂದು ಹೇಳಲಾರೆ. ಸ್ವಲ್ಪ ಒರಟು, ಮೂಗಿನಲ್ಲಿ ಒಂದಿಷ್ಟು. ಆದರೆ ಸಾಲಿನ ಕೊನೆಯ ಮಾತನ್ನು ಅವರು ಬಿಡುವ ರೀತಿ ಬೇರೆ ಯಾರಿಗೂ ಇರಲಿಲ್ಲ. ಭಾರದ ಚೀಲವನ್ನು ಹೆಗಲಿನಿಂದ ಮೆಲ್ಲಗೆ ನೆಲಕ್ಕಿಳಿಸಿದಂತೆ ಆ ಮಾತನ್ನು ಕೆಳಗಿಡುತ್ತಿದ್ದರು. ಮೇಜಿನ ಹಿಂದೆ ಕೂತು ವರ್ಷವರ್ಷ ಕೇಳಿದ ನನಗೆ ಅದು ಕಿವಿಯಲ್ಲಿ ಕೂತುಬಿಟ್ಟಿತ್ತು.

ಒಂದು ವರ್ಷ ಹಬ್ಬ ಮುಗಿದ ಮೇಲೂ ಅವರ ದನಿ ಕಟ್ಟಿದ್ದು ಬಿಡಲಿಲ್ಲ. ಆಸ್ಪತ್ರೆಗೆ ಬಂದರು. ನಮ್ಮ ಡಾಕ್ಟರು ಟಾರ್ಚು ಬಿಟ್ಟು ನೋಡಿ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಗಂಟಲಿನೊಳಗಿನ ಗಂಟನ್ನು ತೆಗೆದರು, ಜೀವ ಉಳಿಯಿತು. ದನಿ ಉಳಿಯಲಿಲ್ಲ. ಮಾತನಾಡಿದರೆ ಬರಿಯ ಉಸಿರು ಬರುತ್ತಿತ್ತು, ಬಾಯಿಯ ಹತ್ತಿರ ಕಿವಿ ಒಯ್ದರೆ ಮಾತ್ರ ಅರ್ಥವಾಗುತ್ತಿತ್ತು.

ಮರುವರ್ಷದ ಹಬ್ಬಕ್ಕೆ ಮಸ್ಕಿ ಮೇಳ ಬಂತು. ಅವರ ಪದ ಹಾಡಲು ಬೇರೆ ಯಾರೂ ಕಲಿತಿರಲಿಲ್ಲ. ಬಡಿಗರ ತಿಪ್ಪಣ್ಣ ಶುರು ಮಾಡಿ ಎರಡನೆಯ ನುಡಿಯಲ್ಲಿ ತಡವರಿಸಿ ನಿಂತ. ಪಕ್ಕದ ಮೇಳದವರು ನಕ್ಕರು. ದೇವಪ್ಪ ತಮ್ಮಲ್ಲಿದ್ದ ಪ್ಲೇಟುಗಳನ್ನೆಲ್ಲ ಹಚ್ಚಿ ನೋಡಿದರು, ಯಾವುದರ ನಡೆಯೂ ಅವರ ಹೆಜ್ಜೆಗೆ ಹೊಂದಲಿಲ್ಲ. ಒಂದೊಂದು ಮೇಳದ ಹೆಜ್ಜೆ ಒಂದೊಂದು ಪದಕ್ಕೆ ಕಟ್ಟಿದ್ದು. ಕಾಕಾ ನನ್ನ ಮೇಜಿನ ಪಕ್ಕ ಬಂದು ಕೂತರು. ಸುಸ್ತಾಯಿತೇ ಎಂದು ಕೇಳಿದೆ. ತಲೆ ಆಡಿಸಿ, ನಾನು ಬಗ್ಗಿದ ಮೇಲೆ ಕಿವಿಯಲ್ಲಿ ಹೇಳಿದರು:

"ಕಾಲು ಚಂದ ಅದಾವ ತಂಗಿ. ಕಾಲಿಗೆ ಪದ ಬೇಕಲ್ಲ."

ಆಮೇಲೆ ಒಂದು ದಿನ ಮಸ್ಕಿಗೆ ಲಸಿಕೆ ಹಾಕಲು ಹೋದಾಗ ಅವರ ಮನೆಗೆ ಹೋಗಿದ್ದೆ. ಕಾಕಾ ಹೊರಗೆ ಅರಳೆ ಬಡಿಯುತ್ತಿದ್ದರು. ಹೆಂಡತಿ ಹುಸೇನಬಿ ಒಳಗೆ ಕರೆದು ಚಹಾ ಕೊಟ್ಟು, ಅವರು ಮೇಳ ಬಿಡುತ್ತೇನೆ ಅನ್ನುತ್ತಿದ್ದಾರೆ ಎಂದು ಕಣ್ಣೀರು ತಂದಳು. ಹಾಗೇ ಮಾತಿಗೆ ಮಾತು ಬಂದು ಒಂದು ಸಂಗತಿ ಹೇಳಿದಳು. ಕಾಕಾ ಹರೆಯದಲ್ಲಿದ್ದಾಗ ಅವರ ಉಸ್ತಾದರು ಇದೇ ಪದವನ್ನು ಹುಬ್ಬಳ್ಳಿಯಲ್ಲಿ ಪ್ಲೇಟಿಗೆ ಹಾಡಿದ್ದರಂತೆ. ಅದರಲ್ಲಿ ಹಿಂದಿನಿಂದ ಎತ್ತಿ ಹಾಡಿದವರು ಕಾಕಾ. ಕಂಪನಿಯವರು ಕೊಟ್ಟಿದ್ದ ಒಂದೇ ಪ್ಲೇಟು ಉಸ್ತಾದರ ಮನೆಯ ಗೋಡೆ ಬಿದ್ದಾಗ ಪುಡಿಯಾಯಿತು. ಉಸ್ತಾದರೂ ಹೋಗಿ ಬಹಳ ವರ್ಷವಾಗಿತ್ತು. ಬಾಯಲ್ಲಿ ಪದ ಇರುವಾಗ ಪ್ಲೇಟು ಯಾಕೆ ಎಂದು ಕಾಕಾ ಅದನ್ನು ಹುಡುಕುವ ಗೋಜಿಗೇ ಹೋಗಿರಲಿಲ್ಲ.

ಮನೆಗೆ ಬಂದು ದೇವಪ್ಪನಿಗೆ ಹೇಳಿದೆ. ಅಂದಿನಿಂದ ನಮಗೆ ಅದೇ ಧ್ಯಾನ. ಗೊತ್ತಿದ್ದ ಮೈಕಿನವರನ್ನೆಲ್ಲ ಕೇಳಿದೆವು. ಕೆಲವರು ಅಂಥದ್ದೇ ಇಲ್ಲ ಎಂದರು, ಕೆಲವರು ಇದೆ ಎಂದು ಬೇರೆ ಏನನ್ನೋ ತೋರಿಸಿದರು. ಹುಡುಕುತ್ತಾ ಹುಡುಕುತ್ತಾ ನಮ್ಮ ಮಂಚದ ಕೆಳಗಿನ ಸಾಲು ಇನ್ನೂ ಬೆಳೆಯಿತು. ನನ್ನ ಟ್ರಂಕು ಈಗ ಅಂಗಳಕ್ಕೆ ಹೋಯಿತು, ಅದನ್ನು ಹೊರಗೆ ಇಟ್ಟವಳು ನಾನೇ.

ಪ್ಲೇಟು ಸಿಕ್ಕಿದ್ದು ನನಗೆ, ಅದೂ ಹಾಡಹಗಲಿನಲ್ಲಿ. ಸಿಂಧನೂರಿನಿಂದ ಲಸಿಕೆ ತರಲು ಹೋಗಿದ್ದೆ. ಮಂಜುಗಡ್ಡೆ ತುಂಬಿದ ಡಬ್ಬಿ ಹಿಡಿದು ಬಸ್‌ಸ್ಟ್ಯಾಂಡಿಗೆ ಬೇಗಬೇಗ ನಡೆಯುತ್ತಿದ್ದೆ. ದಾರಿಯಲ್ಲಿ ಸುಬ್ಬಯ್ಯನ ಮೈಕಿನ ಅಂಗಡಿ. ಸುಬ್ಬಯ್ಯ ಕ್ಯಾಂಪಿನವರು, ಚಿಕ್ಕಂದಿನಲ್ಲೇ ಅಪ್ಪ ಅಮ್ಮನ ಜೊತೆ ಗುಂಟೂರಿನ ಕಡೆಯಿಂದ ಬಂದವರು. ಪ್ಲೇಟು ಬದಲಿಸಿಕೊಳ್ಳಲು ಕೊನೆಯ ದಿನ ಮುದಗಲ್ಲಿಗೆ ಬಂದು ಹೋಗುತ್ತಿದ್ದರು, ಉಳಿದಂತೆ ಸಿಂಧನೂರಿನ ಸುತ್ತಲ ಹಳ್ಳಿಗಳ ಅಲಾಯಿಗೆ ಮೈಕ್ ಕಟ್ಟುವವರು. ಅವತ್ತು ರಿಪೇರಿ ಮಾಡಿದ ಪ್ಲೇಯರನ್ನು ಪರೀಕ್ಷೆ ಮಾಡುತ್ತಿದ್ದರು. ಒಳಗಿನಿಂದ ಮುದುಕರೊಬ್ಬರ ದನಿ ಬಂತು, ಅದರ ಹಿಂದೆ ಒಂದು ಹರೆಯದ ದನಿ ಎದ್ದು, ಸಾಲಿನ ಕೊನೆಯ ಮಾತನ್ನು ಮೆಲ್ಲಗೆ ನೆಲಕ್ಕಿಟ್ಟಿತು.

ನಾನು ರಸ್ತೆಯಲ್ಲೇ ನಿಂತೆ. ಮಂಜುಗಡ್ಡೆ ಕರಗುತ್ತಿದೆ ಎಂಬುದು ಗೊತ್ತಿತ್ತು, ಬಸ್ಸು ಹೊರಡುವ ಹೊತ್ತೂ ಗೊತ್ತಿತ್ತು. ಪದ ಮುಗಿಯುವವರೆಗೆ ಕಾಲು ಕೀಳಲಾಗಲಿಲ್ಲ. ಒಳಗೆ ಹೋಗಿ ನೋಡಿದರೆ ಪ್ಲೇಟಿನ ಚೀಟಿಯ ಮೇಲೆ ತಂಬಿಗೆಯ ಚಿತ್ರವಿದ್ದ ಗುಲಾಬಿ ಲಗ್ನಪತ್ರಿಕೆಯ ತುಂಡು. ಅದು ಮೈಕಿನವರ ಬಾಯಲ್ಲಿ ಓಡಾಡುತ್ತಿದ್ದ ತಂಬಿಗಿ ಪ್ಲೇಟು. ಮತ್ತೆ ಬರುತ್ತೇನೆ ಎಂದಷ್ಟೇ ಹೇಳಿ ಓಡಿದೆ. ಬಸ್ಸು ಹೋಗಿತ್ತು. ಅಕ್ಕಿ ಮಿಲ್ಲಿನ ಲಾರಿ ಹತ್ತಿ, ಡ್ರೈವರನ ಪಕ್ಕ ಕೂತು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಲಸಿಕೆ ಕೆಡಲಿಲ್ಲ, ಮೊದಲು ಅದನ್ನೇ ನೋಡಿದೆ.

ಮುಂದಿನ ಭಾನುವಾರ ಇಬ್ಬರೂ ಸಿಂಧನೂರಿಗೆ ಹೋದೆವು. ದೇವಪ್ಪ ಒಳ್ಳೊಳ್ಳೆಯ ಪ್ಲೇಟುಗಳನ್ನು ಆರಿಸಿ ಹಳೆಯ ಸೀರೆಯಲ್ಲಿ ಸುತ್ತಿಕೊಂಡಿದ್ದರು. ಸುಬ್ಬಯ್ಯ ಒಂದೊಂದನ್ನೂ ಪ್ರೀತಿಯಿಂದ ನೋಡಿ ಒಂದೊಂದನ್ನೂ ಹಿಂದಕ್ಕೆ ಕೊಟ್ಟರು. ಎಲ್ಲ ಕೊಡುತ್ತೇವೆ ಎಂದೆವು, ಬೇಡ ಎಂದರು. ನಾನು ಕಾಕಾನ ಕಥೆ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. ಹೋಟೆಲಿನಿಂದ ನಮಗೆ ಚಹಾ ತರಿಸಿದರು. ಆಮೇಲೆ ಹೇಳಿದರು:

"ಅಮ್ಮಾ, ನಾನು ಇಲ್ಲೇ ಬೆಳೆದೀನಿ. ನನ್ನ ಮಕ್ಕಳು ಇಲ್ಲೇ ಹುಟ್ಯಾವ. ಇವತ್ತಿಗೂ ನನ್ನ ಹೆಸರು ಕ್ಯಾಂಪಿನವ. ಈ ಪ್ಲೇಟ್ ಹಚ್ಚಿದ ರಾತ್ರಿ ಮಾತ್ರ, ಸುಬ್ಬಯ್ಯಣ್ಣ ಇನ್ನೊಮ್ಮೆ ಹಾಕು ಅಂತಾರ. ಇದನ್ನ ಹೆಂಗ ಕೊಡ್ಲಿ?"

ದೇವಪ್ಪ ಏನೋ ಹೇಳಲು ಹೋದರು, ನಾನು ಬೇಡವೆಂದು ಕಣ್ಸನ್ನೆ ಮಾಡಿದೆ. ಇಂಥ ಮಾತಿಗೆ ಚೌಕಾಸಿ ಇಲ್ಲ. ನಾವು ಸೀರೆಯ ಗಂಟು ಹೊತ್ತು ವಾಪಸು ಬಂದೆವು. ಬಸ್ಸಿನಲ್ಲಿ ದೇವಪ್ಪ ಒಂದೇ ಮಾತು ಆಡಿದರು, ಅವನ ಜಾಗದಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ ಎಂದು. ಕಾಕಾನಿಗೆ ಈ ವಿಷಯ ಹೇಳಬಾರದು ಎಂದುಕೊಂಡೆವು. ಆಸೆ ತೋರಿಸಿ ಕಿತ್ತುಕೊಂಡಂತೆ ಆಗಬಾರದಲ್ಲ.

ಆ ವರ್ಷ ಹಬ್ಬ ಭತ್ತದ ನಾಟಿಯ ಕಾಲಕ್ಕೆ ಬಂದಿತ್ತು. ಮೊಹರಂ ವರ್ಷವರ್ಷ ಹಿಂದಕ್ಕೆ ಸರಿಯುತ್ತಾ ಬರುತ್ತದೆ, ಪ್ಲೇಟಿನವರಿಗೆ ಅದೊಂದು ಫಜೀತಿ. ಮಳೆಗಾಲದಲ್ಲಿ ಬಂದರೆ ಕೆಸರು, ಬೇಸಿಗೆಯಲ್ಲಿ ಬಂದರೆ ಪ್ಲೇಟುಗಳು ಹಪ್ಪಳದಂತೆ ಸೊಟ್ಟಗಾಗುತ್ತವೆ. ಆ ಸಲ ಕತ್ತಲ ರಾತ್ರಿಯಂದು, ಅಂದರೆ ಹಬ್ಬದ ಕೊನೆಯ ದಿನದ ಹಿಂದಿನ ರಾತ್ರಿ, ಸಣ್ಣಗೆ ಹನಿಯುತ್ತಿತ್ತು. ಮಸ್ಕಿ ಮೇಳ ಬಂದಿತ್ತು, ಕೊನೆಯ ಸಲ ಎಂದು ಹುಸೇನಬಿ ಹೇಳಿ ಕಳಿಸಿದ್ದಳು. ಕಾಕಾ ಬಿಳಿ ಅಂಗಿ ತೊಟ್ಟು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಒಂದು ಕಡೆ ನಿಂತಿದ್ದರು.

ನಾನು ಯಾರದೋ ಕಾಲು ತೊಳೆಯುತ್ತಿದ್ದೆ. ಮೇಜಿನ ಮುಂದೆ ಸುಬ್ಬಯ್ಯ ಬಂದು ನಿಂತರು. ಎದೆಗೆ ಅವುಚಿಕೊಂಡ ಒಂದು ದಿಂಬಿನ ಗಲೀಪು. ತಾವು ಒಪ್ಪಿಕೊಂಡಿದ್ದ ಹಳ್ಳಿಯ ಅಲಾಯಿಗೆ ತಮ್ಮನನ್ನು ಕಳಿಸಿ ಸಿಂಧನೂರಿನಿಂದ ಬಸ್ಸಿನಲ್ಲಿ ಬಂದಿದ್ದರು. ಹಬ್ಬದ ಬಸ್ಸಿನ ನೂಕುನುಗ್ಗಲು ಎಂದರೆ ನಿಮಗೆ ಗೊತ್ತು. ಅವರ ಮುಖ ನೋಡಿ ಎಲ್ಲಿ ಪೆಟ್ಟಾಯಿತು ಎಂದು ಕೇಳಿದೆ. ಅವರು ಗಲೀಪಿನಿಂದ ಪ್ಲೇಟು ತೆಗೆದು ಮೇಜಿನ ಮೇಲೆ ಇಟ್ಟರು. ಅಂಚಿನಿಂದ ನಡುವಿನ ಚೀಟಿಯವರೆಗೆ ಕೂದಲೆಳೆಯಷ್ಟು ಸೀಳು.

"ಸಿಸ್ಟರ್, ಇದಕ್ಕೇನಾರ ಪಟ್ಟಿ ಹಾಕ್ತೀರೇನು?" ಎಂದರು.

ತಮಾಷೆಗೆ ಕೇಳಿದ ಮಾತಲ್ಲ ಅದು. ನಾನೂ ನಗಲಿಲ್ಲ. ದೇವಪ್ಪನನ್ನು ಕರೆಸಿದೆ. ಅವರು ಪ್ಲೇಟನ್ನು ಬೆರಳ ತುದಿಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಕಾಕಾನ ಪದ ಇರುವ ಮಗ್ಗುಲಿನಲ್ಲಿ ಗೆರೆಗಳು ಸರಿಯಾಗಿ ಕೂಡಿವೆ, ಕೆಳಗಿನಿಂದ ಹಿಡಿದು ನಿಲ್ಲಿಸಿದರೆ ಮುಳ್ಳು ಓಡುತ್ತದೆ ಎಂದರು. ಇನ್ನೊಂದು ಮಗ್ಗುಲಿನ ಸೀಳಿನ ಉದ್ದಕ್ಕೂ ಗಾಯಕ್ಕೆ ಅಂಟಿಸುವ ಪಟ್ಟಿ ಎಳೆದು ಒತ್ತಿದೆ. ಜೀವಮಾನದಲ್ಲಿ ಅಷ್ಟು ನೆಟ್ಟಗೆ ನಾನು ಪಟ್ಟಿ ಹಾಕಿದ್ದಿಲ್ಲ. ಆ ಮಗ್ಗುಲಿನಲ್ಲಿ ಇದ್ದ ಪದವನ್ನು ನಾವು ಇಂದಿಗೂ ಕೇಳಿಲ್ಲ. ಪಟ್ಟಿ ಕಿತ್ತು ನೋಡುವ ಧೈರ್ಯ ಯಾರಿಗೂ ಬರಲಿಲ್ಲ.

ಮಸ್ಕಿ ಮೇಳದ ಸರದಿ ಬಂತು. ದೇವಪ್ಪ ಹೊಸ ಮುಳ್ಳು ಹಾಕಿ ಮೆಲ್ಲಗೆ ಇಳಿಸಿದರು. ಮೊದಲು ಬಂದದ್ದು ಟಕ್ ಎಂಬ ಸದ್ದು. ಪ್ಲೇಟು ಒಂದು ಸುತ್ತು ತಿರುಗಿದಾಗೊಮ್ಮೆ ಮುಳ್ಳು ಸೀಳನ್ನು ಹಾರಿ ಟಕ್ ಎನ್ನುತ್ತಿತ್ತು. ಟಕ್, ಟಕ್, ಟಕ್. ಅದರ ಮೇಲೆ ಉಸ್ತಾದರ ದನಿ ಹಾರ್ನಿನಿಂದ ಹೊರಬಿತ್ತು. ಕಾಕಾ ತಲೆ ಎತ್ತಿದರು. ಮೊದಲು ಹಾರ್ನಿನ ಕಡೆ ನೋಡಿದರು, ಆಮೇಲೆ ನಮ್ಮ ಕಡೆ. ಎರಡನೆಯ ಸಾಲಿಗೆ ಅವರದೇ ಹರೆಯದ ದನಿ ಎದ್ದಾಗ ಕೈಯಿಂದ ಬಾಯಿ ಮುಚ್ಚಿಕೊಂಡರು. ಮೇಳದವರು ಹೆಜ್ಜೆ ಹಾಕದೆ ಅವರನ್ನೇ ನೋಡುತ್ತಾ ನಿಂತಿದ್ದರು.

ಆಗ ಕಾಕಾ ಕಾಲು ಎತ್ತಿದರು. ಟಕ್ ಬಂದ ಕಡೆ ಇಳಿಸಿದರು. ಹಲಗೆಯವನು ನಡೆಯನ್ನು ಹಿಡಿದ, ಮೇಳ ಸುತ್ತು ಹಾಕತೊಡಗಿತು. ಟಕ್ ಎನ್ನುವುದು ಹೆಚ್ಚುಕಡಿಮೆ ಪದದ ನಡೆಗೇ ಹೊಂದಿಕೊಂಡಿತ್ತು. ಮೂರನೆಯ ನುಡಿಗೆ ಬರುವ ಹೊತ್ತಿಗೆ ಮಾತ್ರ ಒಂದಿಷ್ಟು ಹಿಂದೆ ಬೀಳುತ್ತಿತ್ತು. ಅಲ್ಲಿ ಎಲ್ಲರ ಹೆಜ್ಜೆ ತಪ್ಪಿತು. ದೇವಪ್ಪ ಮತ್ತೆ ಮೊದಲಿನಿಂದ ಹಚ್ಚಿದರು. ಎರಡನೆಯ ಸಲ ಕಾಕಾ ಅದೇ ಜಾಗದಲ್ಲಿ ಒಂದು ಸಣ್ಣ ಕುಪ್ಪಳಿಕೆ ಹಾಕಿ, ಹಿಂದೆ ಬಿದ್ದದ್ದನ್ನು ಕಾಲಿನಲ್ಲೇ ಎತ್ತಿಕೊಂಡು ಮುಂದೆ ಹೋದರು. ಮೂರನೆಯ ಸಲ ಇಡೀ ಮೇಳ ಕುಪ್ಪಳಿಸಿತು. ಪಕ್ಕದ ಮೇಳದವರು ತಮ್ಮ ಕುಣಿತ ಬಿಟ್ಟು ನೋಡಲು ಬಂದರು.

ಎಷ್ಟು ಸಲ ಹಚ್ಚಿದೆವೋ ಲೆಕ್ಕವಿಲ್ಲ. ಬೆಳಗಾಗುವಾಗ ಕಾಕಾ ಬೆವರು ಒರೆಸುತ್ತಾ ಮೇಜಿನ ಹತ್ತಿರ ಬಂದು ಸುಬ್ಬಯ್ಯನ ಕೈ ಹಿಡಿದುಕೊಂಡರು. ಸುತ್ತ ಐದಾರು ಜನ ಮೈಕಿನವರು ನೆರೆದಿದ್ದರು. ಪ್ಲೇಟು ಯಾವುದು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಅದು ಪದ್ಧತಿಯಲ್ಲ. ಸುಬ್ಬಯ್ಯನೇ ನನ್ನ ಹತ್ತಿ ತೆಗೆದುಕೊಂಡು, ನೀರಲ್ಲಿ ಅದ್ದಿ, ಗುಲಾಬಿ ಕಾಗದವನ್ನು ನೆನೆಸಿ ಉಗುರಿನಿಂದ ಎತ್ತಿ ತೆಗೆದರು. ಎಲ್ಲರೂ ನೋಡಲಿ ಎಂದು ಪ್ಲೇಟನ್ನು ಮೇಜಿನ ನಡುವೆ ಇಟ್ಟರು.

"ಹೆಸರು ಓದ್ರಿ ಸಿಸ್ಟರ್, ಜೋರಾಗಿ ಓದ್ರಿ" ಎಂದರು.

ಅಕ್ಷರ ಮಾಸಿತ್ತು. ಉಸ್ತಾದರ ಹೆಸರು ಓದಿದೆ, ಊರು ಮಸ್ಕಿ ಎಂದು ಓದಿದೆ, ಅದರ ಕೆಳಗೆ ಸಣ್ಣದಾಗಿ 'ಮತ್ತು ಸಂಗಡಿಗರು' ಎಂದಿತ್ತು, ಅದನ್ನೂ ಓದಿದೆ. ಅದು ಎಲ್ಲಿದೆ ಎಂದು ಕಾಕಾ ಸನ್ನೆಯಲ್ಲಿ ಕೇಳಿದರು. ತೋರಿಸಿದೆ. ಆ ಅಕ್ಷರಗಳ ಮೇಲೆ ತೋರುಬೆರಳು ಇಟ್ಟು, ನಮ್ಮೆಲ್ಲರನ್ನೂ ನೋಡಿ, ಉಸಿರಿನಲ್ಲೇ ಅಂದರು:

"ಇದು ನಾ."

ಸುಬ್ಬಯ್ಯ ಪ್ಲೇಟನ್ನು ಕಾಕಾನಿಗೇ ಕೊಡಲು ಹೋದರು, ಕಾಕಾ ತೆಗೆದುಕೊಳ್ಳಲಿಲ್ಲ. ನೀನು ಪ್ರತಿ ವರ್ಷ ತಗೊಂಡು ಬಾ ಎಂದು ಸನ್ನೆ ಮಾಡಿದರು. ಸುಬ್ಬಯ್ಯ ಬರುತ್ತಿದ್ದರು. ಮಸ್ಕಿಯಲ್ಲಿ ಅವರನ್ನು ಕ್ಯಾಂಪಿನವ ಎಂದು ಕರೆದದ್ದು ನಾನು ಕೇಳಿಲ್ಲ.

ಆಮೇಲೆ ಕ್ಯಾಸೆಟ್ಟುಗಳ ಕಾಲ ಬಂತು. ದೇವಪ್ಪ ಆ ಪದವನ್ನು ಕ್ಯಾಸೆಟ್ಟಿಗೆ ಇಳಿಸಿದರು, ಟಕ್ ಕೂಡ ಇಳಿಯಿತು. ಅದರಿಂದ ಇಳಿಸಿದ ಕ್ಯಾಸೆಟ್ಟುಗಳು ಹಬ್ಬದ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದವು. ನನ್ನ ಮೇಜಿನ ಮೇಲಿನ ವ್ಯಾಪಾರ ನಿಂತಿತು, ಉಳಿದದ್ದು ಸುಟ್ಟ ಕಾಲುಗಳು ಮಾತ್ರ. ತೊಂಬತ್ತರ ದಶಕದ ಮೊದಲಲ್ಲಿ ಕಾಕಾ ತೀರಿಕೊಂಡರು. ಅಷ್ಟರಲ್ಲಿ ತಿಪ್ಪಣ್ಣ ಕ್ಯಾಸೆಟ್ಟು ಕೇಳಿ ಕೇಳಿ ಇಡೀ ಪದ ಕಲಿತಿದ್ದ. ಮೇಳಕ್ಕೆ ಮತ್ತೆ ಬಾಯಿಹಾಡು ಸಿಕ್ಕಿತು, ಪ್ಲೇಟು ಸುಬ್ಬಯ್ಯನ ಮನೆಯಲ್ಲಿ ಉಳಿಯಿತು.

ನಾನು ವರ್ಗವಾಗಿ ಹೋಗುವ ಮೊದಲಿನ ಹಬ್ಬದಲ್ಲಿ ಮಸ್ಕಿ ಮೇಳವನ್ನು ಕೊನೆಯ ಸಲ ನೋಡಿದೆ. ಕುಣಿಯುವವರೆಲ್ಲ ಹೊಸಬರು. ತಿಪ್ಪಣ್ಣ ಕಣ್ಣು ಮುಚ್ಚಿ ಚೆನ್ನಾಗಿ ಹಾಡಿದ. ಮೂರನೆಯ ನುಡಿ ಬಂತು. ಹಲಗೆಯ ನಡೆಯಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ, ಹಿಂದೆ ಬೀಳುವುದು ಏನೂ ಇರಲಿಲ್ಲ. ಆದರೂ ಇಡೀ ಮೇಳ ಒಟ್ಟಿಗೆ ಕುಪ್ಪಳಿಸಿ ಮುಂದೆ ಹೋಯಿತು.

ಕುಣಿತ ಮುಗಿದ ಮೇಲೆ ಅವರಲ್ಲೊಬ್ಬ ಅಂಗಾಲು ಸುಟ್ಟುಕೊಂಡು ನನ್ನ ಮುಂದೆ ಬಂದು ಕೂತ. ಗಟ್ಟಿಮುಟ್ಟಾದ ಆಳು, ಲಾರಿ ಓಡಿಸುತ್ತಾನಂತೆ. ಮುಲಾಮು ಹಚ್ಚುತ್ತಾ, ಮೂರನೆಯ ನುಡಿಯಲ್ಲಿ ಯಾಕೆ ಕುಪ್ಪಳಿಸುತ್ತೀರಿ ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಅದು ಹಂಗ ಐತ್ರೀ ಸಿಸ್ಟರಮ್ಮ," ಎಂದ. "ನಮ್ಮ ಹಿರ್ಯಾರ ಕಾಲದಿಂದ್ಲೂ ಮಸ್ಕಿ ಹೆಜ್ಜಿ ಹಂಗ."

ಹೌದಪ್ಪ ಎಂದು ಹೇಳಿ, ಅವನ ಇನ್ನೊಂದು ಕಾಲನ್ನು ಎತ್ತಿ ನೋಡಿದೆ.